ಲೇತಿಗೆ ಹಚ್ಚಿದ ವಿಭೂತಿ

ಮನೆಯಲ್ಲಿ ಕೂರಲಾಗದೆ ಇವತ್ತು ವಿದ್ಯಾನಗರದಲ್ಲಿ ಸುಮ್ಮನೆ ಸುತ್ತುತ್ತಿದ್ದೆ. ಯಾವುದೋ ವರ್ಕ್‌ಶಾಪಿನಿಂದ ಮಷಿನ್ ಎಣ್ಣೆಯ ವಾಸನೆ ಬಂದಿದ್ದೇ, ಹರಿಹರದ ನಮ್ಮ ಮನೆ ಮುಂದಿನ ಶೆಡ್ ನೆನಪಾಯಿತು.

ಅಲ್ಲಿ ಕಬ್ಬಿಣ ಕಡೆಯುವ ಅಪ್ಪನ ಲೇತ್ ಇತ್ತು. ಅದರ ಬೆಡ್, ಅಂದರೆ ಎರಕದ ಕಬ್ಬಿಣದ ಉದ್ದ ಹಾಸಿನ ಮೇಲೆ ಇನ್ನೊಂದು ಕಬ್ಬಿಣದ ಭಾಗ ಎಣ್ಣೆಯಲ್ಲಿ ಜಾರುತ್ತಿತ್ತು. ಎಣ್ಣೆಯ ಪದರ ಕೆಟ್ಟರೆ ಎರಡೂ ಸವೆಯುತ್ತವೆ. ಕಾಲೇಜಿನಲ್ಲಿ ಅದಕ್ಕೆ ಬೌಂಡರಿ ಲೂಬ್ರಿಕೇಶನ್ನೋ ಏನೋ ಅನ್ನುತ್ತಿದ್ದರು, ಇರಲಿ.

ಒಂದು ಆಯುಧಪೂಜೆಯ ದಿನ ಅಜ್ಜಿ ಆ ಬೆಡ್ ಉದ್ದಕ್ಕೂ ವಿಭೂತಿ ಬಳಿದುಬಿಟ್ಟಳು. ಅಪ್ಪ ಓಡಿಬಂದು ಒರೆಸತೊಡಗಿದ.

"ಈಬತ್ತಿ ಒರೆಸ್ತೀಯೇನೋ ಪಾಪಿ?"

"ಬೂದಿ ಸೇರಿದ್ರೆ ಬೆಡ್ ಸವೀತೈತೆ ಅವ್ವ! ನಮಗೆ ಅನ್ನ ಹಾಕೋದು ಇದೊಂದೇ."

ಅಜ್ಜಿ ಮುಖ ತಿರುಗಿಸಿ ಕೂತಳು. ಆಗ ಅಪ್ಪನ ಜೊತೆ ಕೆಲಸ ಮಾಡುತ್ತಿದ್ದ ರಹೀಂ ಚಾಚಾ ಬೆಡ್ ಮೇಲಿನ ಬೂದಿ ಬೆರೆತ ಎಣ್ಣೆಯನ್ನು ಅವಳ ಬೆರಳಿಗೆ ಹಚ್ಚಿದರು. "ತಿಕ್ಕಿ ನೋಡ್ರಿ ಅವ್ವಾರೆ."

ಅಜ್ಜಿ ತಿಕ್ಕಿದಳು. "ಅಯ್ಯ, ಹಿಟ್ಟಿನಾಗೆ ಮರಳು ಬಿದ್ದಂಗೈತಲ್ಲೋ!" ಎಂದವಳೇ ತನ್ನ ಸೆರಗಿನಿಂದಲೇ ಬೆಡ್ ಒರೆಸಿದಳು. ಉಳಿದ ವಿಭೂತಿಯನ್ನು ಅಪ್ಪನ ಹಣೆಗೆ ಒತ್ತಿ ತಿಕ್ಕಿ ಕೇಳಿದಳು: "ಇದು ಸವೆಯಂಗಿಲ್ಲ, ಹೌದಲ್ಲ?"

ನನ್ನವಳಿದ್ದಿದ್ದರೆ ಇದನ್ನು ಅವಳಿಗೆ ಹೇಳಿ ನಕ್ಕು ಸುಮ್ಮನಾಗುತ್ತಿದ್ದೆ. ಈಗ ನಿಮಗೆ ಬರೆದರೂ ಸಮಾಧಾನವಿಲ್ಲ, ಮತ್ತೆ ಸುತ್ತಲು ಚಪ್ಪಲಿ ಮೆಟ್ಟಿದ್ದೇನೆ.