ಎರಡು ಶಬ್ದದ ದೂರು

ಉಗಾರ ಬುದ್ರುಕದ ಹೊರಗೆ, ಕೃಷ್ಣಾ ನದಿಗೆ ಇಳಿಯುವ ದಾರಿಯಲ್ಲಿ, ಕಬ್ಬಿನ ನಡುವೆ ಒಂದು ಮನೆ ಇದೆ. ಎರಡು ಕೋಣೆ, ಅಡುಗೆಮನೆ, ಮುಂದೆ ಪಡಸಾಲೆ. ಅದರ ಮಾಲೀಕರು ನಿಪ್ಪಾಣಿಯ ವ್ಯಾಪಾರಸ್ಥರು, ನಾವು ಅವರಿಗೆ ಸಾವ್ಕಾರ್ರು ಅನ್ನುತ್ತೇವೆ. ಅವರು ಆ ಮನೆಯನ್ನು ಫೋನಿನ ಆ್ಯಪಿಗೆ ಹಾಕಿ, ರಜೆಗೆ ಬರುವವರಿಗೆ ಬಾಡಿಗೆಗೆ ಕೊಡುತ್ತಾರೆ. ನೋಡಿಕೊಳ್ಳುವವನು ನಾನು. ಹಿತ್ತಲಿನ ಎರಡು ಖೋಲಿಗಳಲ್ಲಿ ನಾನು, ನನ್ನ ಹೆಂಡತಿ ಇದ್ದೇವೆ. ಮೊದಲು ಐನಾಪುರದಲ್ಲಿ ಪಂಪಿನ ಮೋಟಾರುಗಳಿಗೆ ವೈಂಡಿಂಗ್ ಮಾಡುತ್ತಿದ್ದೆ. ಮನೆಯ ಸಾಮಾನು ಕೆಟ್ಟರೆ ಹೊರಗಿನವರನ್ನು ಕರೆಯುವುದು ಬೇಡ ಎಂದು ಸಾವ್ಕಾರ್ರು ನನ್ನನ್ನು ಇಟ್ಟುಕೊಂಡರು.

ಸಾಮಾನು ಕೆಡುತ್ತದೆ. ಬೋರಿನ ನೀರಿನಲ್ಲಿ ಸವಳು ಜಾಸ್ತಿ. ಎರಡು ತಿಂಗಳಿಗೊಮ್ಮೆ ಗೀಜರಿನ ಕಾಯಿಲ್ ಬಿಚ್ಚಿದರೆ ಸುಣ್ಣ ಬಳಿದ ಗೋಡೆಯ ಹಾಗೆ ಇರುತ್ತದೆ. ಅದನ್ನು ಕೆರೆದು ಹಾಕುವುದು ನನಗೆ ಬರುತ್ತದೆ. ಆದರೆ ಬಂದವರ ದೂರುಗಳಲ್ಲಿ ನಾನು ಬಿಚ್ಚಿ ಜೋಡಿಸಬಹುದಾದವು ಕಡಿಮೆ. ಒಬ್ಬರು ಮುಂಜಾನೆ ನವಿಲು ಕೂಗುವುದನ್ನು ನಿಲ್ಲಿಸಲು ಹೇಳಿದರು. ಇನ್ನೊಬ್ಬರು ಕಬ್ಬಿನ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಹೋಗುತ್ತವೆ ಎಂದರು. ಮುಂಬೈಯಿಂದ ಬಂದವರೊಬ್ಬರು ಕಬ್ಬು ಎತ್ತರ ಬೆಳೆದು ನದಿ ಕಾಣುವುದಿಲ್ಲ ಎಂದು ಬರೆದರು. ನಾಲ್ಕು ತಿಂಗಳಲ್ಲಿ ಕಡಿಯುತ್ತಾರೆ ಎಂದು ನಾನು ಉತ್ತರ ಬರೆದೆ. ಅವರು ಎರಡು ಸ್ಟಾರ್ ಹಾಕಿ ಹೋದರು.

ಆಮೇಲೆ ಮಿಕ್ಸರಿನಲ್ಲಿ ಕಿಡಿ ಬಂದು ಮತ್ತೆ ಎರಡು ಸ್ಟಾರ್ ಬಿತ್ತು. ಸಾವ್ಕಾರ್ರು ನಿಪ್ಪಾಣಿಯಿಂದ ಕಾರು ತೆಗೆದುಕೊಂಡು ಬಂದು ಪಡಸಾಲೆಯಲ್ಲಿ ಕುಳಿತರು.

"ಮಿರಜದಾಗ ಒಂದ ಕಂಪ್ನಿ ಐತಿ. ಇಂಥಾ ಮನಿ ಅವ್ರ ನಡಸ್ತಾರ. ಅವ್ರ ಮಂದಿ ಅವ್ರೇ ತಂದ ಇಡ್ತಾರ," ಅಂದರು.

"ಮತ್ತ ನಾವ್ರಿ?"

"ಅದನ್ನ ಹೇಳಾಕ ಬಂದೀನಿ. ಇನ್ನೊಂದ ಸಲ ನಾಕ ಸ್ಟಾರಿನ ಕೆಳಗ ಬಂತಂದ್ರ ಅವ್ರಿಗೆ ಕೊಡಾಂವ ನಾ. ಮತ್ತ ಇನ್ನ ಮ್ಯಾಲ ಬಾಯಿಮಾತಿನ ದೂರು ಬ್ಯಾಡ. ಗ್ರೂಪ್ ಮಾಡ್ತೀನಿ, ಬಂದಾವ್ರ ಅದರಾಗ ಬರದ ಹಾಕ್ಲಿ. ನಾನೂ ನೋಡ್ತೀನಿ."

ದೀಪಾವಳಿ ಮುಗಿದ ಮೇಲೆ ಬಂದವರು ಪುಣೆಯ ವಯಸ್ಸಾದ ಗಂಡ ಹೆಂಡತಿ. ಆ್ಯಪಿನಲ್ಲಿ ಪುಣೆ ಎಂದು ನೋಡಿ ನಾನು ಮರಾಠಿಯಲ್ಲಿ ಮಾತು ಶುರು ಮಾಡಿದೆ. ಆ ತಾಯಿ ನನ್ನನ್ನು ತಡೆದರು.

"ಕನ್ನಡದಾಗ ಮಾತಾಡ ತಮ್ಮಾ. ನನ್ನ ತವರಮನಿ ಅಥಣಿ. ನಲವತ್ತ ವರ್ಷ ಆತು ಪುಣೇಕ ಕೊಟ್ಟು. ಕನ್ನಡ ಮಾತಾಡಾಕಂತನ ಬಂದೀನಿ."

ಅವರು ಸಾಲೆಯಲ್ಲಿ ಕಲಿಸಿ ನಿವೃತ್ತರಾದವರು. ನಾನು ಅವರಿಗೆ ಅಕ್ಕೋರೆ ಅಂದೆ, ಅವರ ಯಜಮಾನರಿಗೆ ಕಾಕಾ ಅಂದೆ. ಕಾಕಾ ಮಫ್ಲರ್ ಸುತ್ತಿಕೊಂಡಿದ್ದರು. ಊಟ ಮಾಡಿ ಇಬ್ಬರೂ ನದಿ ನೋಡಲು ಹೋದರು. ಹೋಗುತ್ತ ಅಕ್ಕೋರು ಗ್ರೂಪಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಎರಡು ಶಬ್ದ ಹಾಕಿದರು. ಮೊದಲನೆಯದು ಫ್ಯಾನ್. ಎರಡನೆಯದನ್ನು ನಾನು ಎಚ್, ಎ, ಎಲ್, ಯು ಎಂದು ಅಕ್ಷರ ಕೂಡಿಸಿ ಓದಿದೆ. ಹಾಲು ಎಂದು ಬಂತು.

ಹೆಂಡತಿಗೆ ಓದಿ ಹೇಳಿದೆ.

"ಹಾಲ ಬೇಕಾಗೈತಿ ಅವ್ರಿಗೆ, ಚಹಾಕ್ಕ," ಅಂದಳು.

"ಮತ್ತ ಫ್ಯಾನ್?"

"ಫ್ಯಾನಿನ ಬುಡಕ ಕುಂತ ಕುಡಿತಾರ."

ಅವಳು ಅರ್ಧ ಲೀಟರ್ ಎಮ್ಮೆ ಹಾಲನ್ನು ತಂಬಿಗೆಯಲ್ಲಿ ಹಾಕಿ ಅವರ ಅಡುಗೆಮನೆಯಲ್ಲಿ ಇಟ್ಟು ಬಂದಳು. ನನಗೆ ಸಮಾಧಾನ ಆಗಲಿಲ್ಲ. ಇಂಗ್ಲಿಷಿನಲ್ಲಿ ಲಕಾರ ಒಂದೇ, ಳಕಾರ ಇಲ್ಲ. ಹಾಲು ಬರೆದರೂ ಹಾಳು ಬರೆದರೂ ಅಕ್ಷರ ಅವೇ. ಫ್ಯಾನ್ ಹಾಳು ಎಂದು ಓದಿದರೆ ದೂರು ಸರಿಯಾಗಿ ಕೂಡುತ್ತಿತ್ತು. ಅವರ ಕೋಣೆಗೆ ಹೋಗಿ ಸ್ವಿಚ್ ಹಾಕಿದೆ. ಫ್ಯಾನ್ ಜೋರಾಗಿ ತಿರುಗಿತು. ಅಷ್ಟರಲ್ಲಿ ಸಾವ್ಕಾರ್ರ ಫೋನ್ ಬಂತು.

"ಗ್ರೂಪ್ ನೋಡಿದಿ ಏನೋ?"

"ನೋಡೀನ್ರಿ ಸಾವ್ಕಾರ್ರ. ಫ್ಯಾನ್ ಚೊಲೋ ತಿರಗಾಕತ್ತೈತ್ರಿ. ಈಗ ಅದರ ಬುಡಕನ ನಿಂತೀನಿ."

"ಇರಾಕ ಬಂದಾವ್ರ ಹಾಳ ಅಂತಾರ, ನೀ ಚೊಲೋ ಅಂತಿ. ಸ್ಟಾರ್ ಹಾಕಾವ್ರು ನೀನೋ ಅವ್ರೋ?"

"ಅವ್ರರಿ."

"ಹಂಗಾದ್ರ ಅದು ಹಾಳಾಗೈತಿ. ತಗದು ಹೊಸಾದ ಹಾಕು. ಜೋರ್ ಗಾಳಿದ ತಗೋ."

ನಾನು ಫ್ಯಾನ್ ಇಳಿಸಿದೆ. ಅದನ್ನು ಖೋಲಿಯಲ್ಲಿ ಇಟ್ಟು, ಮೋಟಾರ್‌ಸೈಕಲ್ ಮೇಲೆ ಐನಾಪುರಕ್ಕೆ ಹೋಗಿ, ಇದ್ದುದರಲ್ಲಿ ಜೋರಾದ ಫ್ಯಾನ್ ತಂದೆ. ಬರುವಷ್ಟರಲ್ಲಿ ಅವರಿಬ್ಬರೂ ತಿರುಗಿ ಬಂದು ಮಂಚದ ಮೇಲೆ ಕುಳಿತಿದ್ದರು. ಮೇಲೆ ಎರಡು ವೈರು ಜೋತಾಡುತ್ತಿದ್ದವು. ಇಬ್ಬರೂ ಅದನ್ನೇ ನೋಡುತ್ತಿದ್ದರು.

"ಫ್ಯಾನ್ ಎಲ್ಲಿ ಹೋತು ತಮ್ಮಾ?" ಎಂದು ಅಕ್ಕೋರು ಕೇಳಿದರು.

"ಹೊಸಾದ ತಂದೀನ್ರಿ."

"ಯಾಕ?"

"ನೀವ ಬರದಿದ್ರೆಲ್ರಿ."

ನಾನು ಹೊಸ ಫ್ಯಾನ್ ಹಾಕಿ ಸ್ವಿಚ್ ಒತ್ತಿದೆ. ಮಂಚದ ಮೇಲಿದ್ದ ಪೇಪರ್ ಎದ್ದು ಕಿಟಕಿಗೆ ಅಂಟಿತು. ಕಾಕಾ ಮಫ್ಲರಿನ ಮೇಲೆ ಶಾಲು ಹೊದ್ದುಕೊಂಡರು. ಎರಡು ಸಲ ಸೀನಿದರು.

"ಈಗ ಅದನ್ನ ಹಳೂ ಮಾಡು," ಅಂದರು ಅಕ್ಕೋರು.

ಅವರ ಬಾಯಿಂದ ಕೇಳಿದ ಮೇಲೆ ನನಗೆ ಗೊತ್ತಾಯಿತು. ಅದು ಮರಾಠಿ ಹಳೂ. ಹಳೂ ಅಂದರೆ ಸಾವಕಾಶ, ಮೆಲ್ಲಗೆ. ನಮ್ಮ ಕಡೆ ಹೆಣ್ಣುಮಕ್ಕಳು ಮಗುವನ್ನು ಮಲಗಿಸಿದಾಗಲೂ ಈ ಮಾತು ಆಡುತ್ತಾರೆ. ನಾನು ದಿನಕ್ಕೆ ಹತ್ತು ಸಲ ಕೇಳುತ್ತೇನೆ. ಅಕ್ಕೋರ ಬಾಯಿ ಅಥಣಿಯದು, ಬೆರಳು ಪುಣೆಯದು ಎಂದು ನನಗೆ ಹೊಳೆದಿರಲಿಲ್ಲ.

"ಇವ್ರಿಗೆ ನೆಗಡಿ ಆಗೈತಿ. ಗಾಳಿ ಬ್ಯಾಡ, ಆದ್ರ ಗುಂಗಾಡಿ ಕಡೀತಾವ, ಅದಕ ಫ್ಯಾನ್ ಬೇಕು. ಗುಂಡಿ ತಿರುವಿದ್ರ ಕಡಿಮಿ ಆಗಲಿಲ್ಲ. ಅದಕ ಬರದಿದ್ದೆ. ನೀ ಏನಂತ ಓದಿದಿ?"

"ಮೊದಲ ಹಾಲು ಅಂತ್ರಿ. ಆಮ್ಯಾಲ ಹಾಳು ಅಂತ."

"ಹಂಗಾರ ಆ ಹಾಲು ಅದಕ ಬಂದಿತ್ತು," ಅಂದರು. ಕಾಕಾಗೆ ಮರಾಠಿಯಲ್ಲಿ ಹೇಳಿದರು. ಕಾಕಾ ಹಾಲು ಚೆನ್ನಾಗಿತ್ತು ಎಂದರು, ಅಷ್ಟೇ.

ಕೆಟ್ಟದ್ದು ರೆಗ್ಯುಲೇಟರ್. ಐದರ ಮೇಲೆ ನಿಂತುಬಿಟ್ಟಿತ್ತು. ಫ್ಯಾನಿನ ಜೊತೆಗೆ ಅದನ್ನು ತರುವುದು ನನಗೆ ತೋಚಿರಲಿಲ್ಲ. ಮರುದಿನ ಹೋದರೆ, ಆ ಬೋರ್ಡಿಗೆ ಕೂಡುವಂಥದ್ದು ಇಲ್ಲ, ನಾಳೆ ತರಿಸುತ್ತೇನೆ ಎಂದು ಅಂಗಡಿಯವನು ಹೇಳಿದ. ಕಾಕಾನ ಮಂಚವನ್ನು ಪಡಸಾಲೆಗೆ ತಂದು ಸೊಳ್ಳೆ ಪರದೆ ಕಟ್ಟಿದೆವು. ಅದೇ ದಿನ ಮುಂಜಾನೆ ಗೀಜರಿನ ಕಾಯಿಲೂ ಸುಟ್ಟಿತ್ತು, ಅದನ್ನೂ ತರಿಸಲು ಅಂಗಡಿಯವನಿಗೆ ಹೇಳಿ ಬಂದಿದ್ದೆ. ನನ್ನ ಹೆಂಡತಿ ಹಿತ್ತಲಲ್ಲಿ ಹಂಡೆಗೆ ಉರಿ ಹಾಕಿ ನೀರು ಕಾಸಿ ಕೊಟ್ಟಳು. ಅಕ್ಕೋರ ಹತ್ತಿರ ಒಂದು ಸಣ್ಣ ವಹಿ ಇತ್ತು. ಒಂದೊಂದು ಕೆಟ್ಟಾಗ ಅದರಲ್ಲಿ ಏನೋ ಬರೆದುಕೊಳ್ಳುತ್ತಿದ್ದರು. ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡುವವರಾಗಿದ್ದರೆ ಸಮಾಧಾನ ಹೇಳಬಹುದಿತ್ತು.

ಮೂರನೆಯ ದಿನ ಮಧ್ಯಾಹ್ನ ಅವರು ಚೀಲ ತುಂಬಿ ಇಟ್ಟು ನನ್ನನ್ನು ಕರೆದರು. ಕಾರು ನಾಲ್ಕಕ್ಕೆ ಬರುವುದಿತ್ತು.

"ಮನಿ ಸ್ವಚ್ಛ ಐತಿ. ನೀವಿಬ್ರೂ ಚೊಲೋ ಮಂದಿ. ಮೂರ ಸ್ಟಾರ್ ಹಾಕ್ತೀನಿ," ಅಂದರು.

ನಾನು ನಿಂತೇ ಇದ್ದೆ.

"ಯಾಕ, ಕಡಿಮಿ ಆತೇನ? ಐದಕ್ಕ ಮೂರು. ನೂರಕ್ಕ ಅರವತ್ತು. ಫಸ್ಟ್ ಕ್ಲಾಸ್ ಅದು. ನನ್ನ ಕೈಯಾಗ ಫಸ್ಟ್ ಕ್ಲಾಸ್ ಬಂದಾವ್ರು ಭಾಳ ಇಲ್ಲ."

"ಸಾಲ್ಯಾಗ ಫಸ್ಟ್ ಕ್ಲಾಸ್ರಿ ಅಕ್ಕೋರ. ಇಲ್ಲಿ ಮೂರಂದ್ರ ಫೇಲ್ರಿ."

"ಅದೆಂಥಾ ಲೆಕ್ಕ?"

ಹೇಳಬಾರದು ಎಂದುಕೊಂಡಿದ್ದೆ. ಹೇಳಿದೆ. ನಾಲ್ಕರ ಕೆಳಗೆ ಬಂದರೆ ಮನೆ ಮಿರಜದವರಿಗೆ ಹೋಗುತ್ತದೆ, ನಾವು ಖೋಲಿ ಬಿಡಬೇಕು ಎಂದೆ. ಅಕ್ಕೋರು ವಹಿ ತೆಗೆದು ತಾವು ಬರೆದದ್ದನ್ನು ಮತ್ತೊಮ್ಮೆ ಓದಿದರು.

"ಪಾಪ ಅಂತ ಮಾರ್ಕ್ಸ್ ಕೊಡಾಕ ಬರೂದಿಲ್ಲ ತಮ್ಮಾ. ಯಾರಿಗೂ ಕೊಟ್ಟಿಲ್ಲ. ನೀ ಎಷ್ಟನೇತ್ತಾ ಕಲತಿ?"

"ಹತ್ತನೇತ್ತರಿ. ಮೂವತ್ತಾರನೇ ವರ್ಷಕ್ಕ ಪಾಸ್ ಆದ್ನಿರಿ. ಒಮ್ಮಿಗೆ ಆಗಲಿಲ್ಲ, ಸಪ್ಲಿಮೆಂಟರಿ ಕಟ್ಟಿದ್ನಿ."

ಅವರು ಗಡಿಯಾರ ನೋಡಿದರು. "ಇನ್ನ ಮೂರ ತಾಸ ಐತಿ. ಇಲ್ಲೂ ಕಟ್ಟು," ಅಂದರು.

ನಾನು ಐನಾಪುರಕ್ಕೆ ಹೋದೆ. ರೆಗ್ಯುಲೇಟರ್ ಬಂದಿತ್ತು, ಕಾಯಿಲೂ ಬಂದಿತ್ತು. ತಿರುಗಿ ಬಂದು ಮೊದಲು ಗೀಜರ್ ಬಿಚ್ಚಿದೆ. ನಟ್ಟು ಜಂಗು ಹಿಡಿದು ಬಿಗಿದಿತ್ತು. ಹೆಂಡತಿ ಬ್ಯಾಟರಿ ಹಿಡಿದು ನಿಂತಳು. ಆಮೇಲೆ ರೆಗ್ಯುಲೇಟರ್ ಹಾಕಿದೆ. ಮುಗಿದಾಗ ನಾಲ್ಕಕ್ಕೆ ಇಪ್ಪತ್ತು ನಿಮಿಷ ಇತ್ತು.

ಅಕ್ಕೋರು ಬಕೆಟಿನಲ್ಲಿ ಬೆರಳು ಅದ್ದಿ ನೋಡಿದರು, ಬೇಗ ತೆಗೆದರು. ಫ್ಯಾನನ್ನು ಒಂದರಿಂದ ಐದರವರೆಗೆ ತಿರುವಿದರು, ಐದರಿಂದ ಒಂದಕ್ಕೆ ತಂದರು. ಎರಡಕ್ಕೆ ಇಟ್ಟು ಕಾಕಾನನ್ನು ಕರೆದು ಅದರ ಕೆಳಗೆ ಮಲಗಲು ಹೇಳಿದರು. ಕಾಕಾ ಚಪ್ಪಲಿ ಬಿಟ್ಟು ಮಲಗಿದರು. ನಾವು ಮೂವರೂ ಸುತ್ತ ನಿಂತೆವು. ಐದು ನಿಮಿಷ ಆದ ಮೇಲೆ ಹೇಗಿದೆ ಎಂದು ಅಕ್ಕೋರು ಕೇಳಿದರು. ಕಾಕಾಗೆ ನಿದ್ದೆ ಹತ್ತಿತ್ತು.

"ಪಾಸ್," ಅಂದರು ಅಕ್ಕೋರು.

ಫೋನ್ ತೆಗೆದು ನನ್ನ ಎದುರಿಗೇ ನಾಲ್ಕು ಒತ್ತಿದರು. ಐದನೆಯದರ ಮೇಲೆ ನನ್ನ ಕಣ್ಣು ಹೋದದ್ದು ಅವರಿಗೆ ಕಂಡಿರಬೇಕು.

"ಹಾಲಿಗೆ ಮಾರ್ಕ್ಸ್ ಇಲ್ಲ. ಅದು ಸಿಲೆಬಸ್ಸಿನಾಗ ಇರಲಿಲ್ಲ," ಅಂದರು.

ಕಾರು ಹೋದ ಸ್ವಲ್ಪ ಹೊತ್ತಿಗೆ ಸಾವ್ಕಾರ್ರು ಫೋನ್ ಮಾಡಿದರು.

"ನಾಕ ಬಂದೈತಿ. ಒಂದ ಎಲ್ಲಿ ಹೋತು?"

"ಅಕ್ಕೋರು ಯಾರಿಗೂ ಐದ ಹಾಕೂದಿಲ್ಲಂತ್ರಿ."

"ಮಿರಜದಾವ್ರಿಗೆ ಸದ್ಯ ಬ್ಯಾಡ ಅಂತ ಹೇಳ್ತೀನಿ. ಶನಿವಾರ ಕೊಲ್ಲಾಪುರದಾವ್ರು ಎಂಟ ಮಂದಿ ಬರ್ತಾರ. ಗಾದಿ ಬಿಸಲಿಗೆ ಹಾಕು," ಅಂದು ಇಟ್ಟರು.

ಹೆಂಡತಿಗೆ ಹೇಳಲು ಒಳಗೆ ಹೋದೆ. ಮೂಲೆಯಲ್ಲಿ ಎರಡು ಗೋಣಿಚೀಲಗಳಿದ್ದವು. ನಮ್ಮ ಪಾತ್ರೆಗಳನ್ನೆಲ್ಲ ತುಂಬಿ ಬಾಯಿ ಕಟ್ಟಿದ್ದಳು.

"ಯಾವಾಗ ಕಟ್ಟಿದಿ?" ಎಂದು ಕೇಳಿದೆ.

"ನಿನ್ನಿ. ಗೀಜರ್ ಹೋದ ಮ್ಯಾಲ ಒಂದ. ಇನ್ನೊಂದ ಇವತ್ತ, ಊಟ ಆದ ಮ್ಯಾಲ."

ಸಾವ್ಕಾರ್ರು ಹೇಳಿದ್ದನ್ನು ಹೇಳಿದೆ. ಅವಳು ಹೂಂ ಅಂದು ಒಂದು ಚೀಲದ ಬಾಯಿ ಬಿಚ್ಚಿ, ಒಂದೊಂದೇ ಪಾತ್ರೆಯನ್ನು ಹಲಗೆಯ ಮೇಲೆ ಜೋಡಿಸತೊಡಗಿದಳು. ಕುಕ್ಕರ್ ಎರಡನೆಯ ಚೀಲದಲ್ಲಿ, ಎಲ್ಲಕ್ಕಿಂತ ಕೆಳಗೆ ಇತ್ತು. ಅವತ್ತು ಅನ್ನ ಆಗುವುದು ತಡವಾಯಿತು.