ನಾಲ್ಕನೆಯವರ ಬದಲಿಗೆ ಒಂದು ಕಲ್ಲು

ಮಹಾರಾಷ್ಟ್ರದ ಗಡಿಯ ನಮ್ಮ ಕಡೆ ಮೂವರು ಕೂಡಿ ದೂರದ ಪ್ರಯಾಣ ಹೊರಡುವುದಿಲ್ಲ. ಹೋದ ಕೆಲಸ ಕೆಡುತ್ತದೆ ಅನ್ನುತ್ತಾರೆ. ಹೋಗಲೇಬೇಕಾದರೆ ಅಂಗಳದ ಒಂದು ಕಲ್ಲನ್ನು ಚೀಲಕ್ಕೆ ಹಾಕಿಕೊಳ್ಳುತ್ತಾರೆ. ಅದೇ ನಾಲ್ಕನೆಯವರು. ಕನ್ಯೆ ನೋಡಲು, ಕೋರ್ಟಿನ ತಾರೀಖಿಗೆ ಎಂದು ನಮ್ಮೂರಿನ ಎಷ್ಟೋ ಕಲ್ಲುಗಳು ಜತ್ತಕ್ಕೆ, ಸಾಂಗಲಿಗೆ ಹೋಗಿ ಬಂದಿವೆ. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಇದನ್ನು ನೋಡಿ ಸೆರಗು ಬಾಯಿಗಿಟ್ಟು ನಗುತ್ತಿದ್ದೆ.

ನನ್ನ ಗಂಡ ಲಾರಿ ಓಡಿಸುತ್ತಿದ್ದರು. ದಾಳಿಂಬೆ ಹೇರಿಕೊಂಡು ದಿಲ್ಲಿಗೆ ಹೋಗುತ್ತಿದ್ದರು. ಬಾಡಿಗೆ ಸಿಕ್ಕರೆ ಕಾಶ್ಮೀರದವರೆಗೂ ಹೋಗಿ ಸೇಬು ತರುತ್ತಿದ್ದರು. ಒಮ್ಮೆ ಅಲ್ಲಿಂದ ಚಿನಾರ್ ಗಿಡದ ಎಲೆಯೊಂದನ್ನು ತಂದು ನನ್ನ ಅಂಗೈ ಮೇಲಿಟ್ಟರು. ಬೆರಳು ಬಿಡಿಸಿದ ಕೈಯಂತೆಯೇ ಇತ್ತು, ಬಣ್ಣ ಒಣಗಿದ ರಕ್ತದ್ದು.

"ಗಿಡಕ್ಕ ಗಿಡಾನ ಬೆಂಕಿ ಹತ್ತಿದಂಗ ಕಾಣ್ತಾವ ನೋಡು. ಹೊಗಿ ಮಾತ್ರ ಇರೂದಿಲ್ಲ. ನಿನಗ ತೋರಿಸಬೇಕು" ಅಂದಿದ್ದರು.

ಮುಂದೆ ಒಂದು ಸೆಕೆಂಡ್ ಹ್ಯಾಂಡ್ ಕಾರು ಬಂತು. ದಸರೆ ಮುಗಿಸಿ ಹೊರಡುವುದು, ದೀಪಾವಳಿಯ ಸುಮಾರಿಗೆ ಅಲ್ಲಿ ಎಲೆಗಳು ಕೆಂಪಾಗಿರುತ್ತವೆ ಎಂದು ಅವರೇ ಗೊತ್ತುಮಾಡಿದರು. ನಾವಿಬ್ಬರು, ಮೈದುನ, ಅವನ ಹೆಂಡತಿ ಅಂದರೆ ನನ್ನ ನೆಗೆಣ್ಣಿ. ಸೊಲ್ಲಾಪುರ, ಧುಳೆ, ಇಂದೂರು, ದಿಲ್ಲಿ, ಜಮ್ಮು. ಎಲ್ಲಿ ರೊಟ್ಟಿ ಬಿಸಿ ಸಿಗುತ್ತದೆ, ಎಲ್ಲಿ ಹೆಂಗಸರು ಧೈರ್ಯವಾಗಿ ಇಳಿಯಬಹುದು, ಎಲ್ಲವೂ ಅವರ ಬಾಯಲ್ಲಿತ್ತು.

ಬೇಸಿಗೆಯ ಒಂದು ಮುಂಜಾನೆ ಚಹಾ ಕುಡಿಯುತ್ತ ಕುಳಿತವರು ಕುಳಿತಂತೆಯೇ ಹೋಗಿಬಿಟ್ಟರು.

ನಮ್ಮಲ್ಲಿ ಸತ್ತವರನ್ನು ಕೂರಿಸಿಯೇ ಮಣ್ಣು ಕೊಡುತ್ತಾರೆ. ಹೊಲದ ಬದುವಿನಲ್ಲಿ, ದಾರಿಗೆ ಹತ್ತಿರದ ಬೇವಿನ ಬುಡದಲ್ಲಿ, ವಿಭೂತಿ ಬಿಲ್ವಪತ್ರೆಗಳ ನಡುವೆ ಅವರನ್ನು ಕೂರಿಸಿದರು. ಎಡಗೈಯಲ್ಲಿ ಲಿಂಗವಿತ್ತು. ಬಲಗೈ ಏನನ್ನೋ ಹಿಡಿದಂತೆ ಬಾಗಿತ್ತು. ಮಣ್ಣು ಬೀಳುವಾಗ ನಾನು ಆ ಕೈಯನ್ನೇ ನೋಡುತ್ತಿದ್ದೆ.

ಆ ದಸರೆಗೆ ನಮ್ಮ ಮನೆಯಲ್ಲಿ ಬನ್ನಿ ಹಂಚಲಿಲ್ಲ. ಆದರೆ ಅತ್ತೆ ನಮ್ಮ ಮೂವರನ್ನೂ ಕರೆದು, "ಅಂವ ಹೇಳಿಟ್ಟಿದ್ದು ನಡೀಬೇಕು. ಹೋಗಿ ಆ ಎಲಿ ನೋಡಿ ಬರ್ರಿ" ಅಂದರು.

ಅವರಿಲ್ಲದೆ ಆ ಎಲೆ ನೋಡಿದರೆ, ಅವರು ಇನ್ನು ಬರುವುದಿಲ್ಲವೆಂದು ನಾನೇ ಒಪ್ಪಿಕೊಂಡಂತೆ. ಆ ಒಂದು ಒಪ್ಪಿಗೆಯನ್ನು ನಾನು ಇನ್ನೂ ಯಾರಿಗೂ ಕೊಟ್ಟಿರಲಿಲ್ಲ.

ಬೇವು ಕೆಂಪಾಗತೊಡಗಿದ್ದು ಅದೇ ದಿನಗಳಲ್ಲಿ. ನಮ್ಮಲ್ಲಿ ಬೇವು ಎಲೆ ಉದುರಿಸುವುದು ಶಿವರಾತ್ರಿಯ ಹೊತ್ತಿಗೆ, ಅದೂ ಹಳದಿಯಾಗಿ. ಈ ಸಲ ಮಳೆ ನಿಲ್ಲುತ್ತಲೇ ತುದಿ ಸುಟ್ಟಂತಾಗಿ, ನೋಡನೋಡುತ್ತ ಇಡೀ ಮರ ಕಂದುಗೆಂಪು. ಮೊದಲು ಹೊಲದ್ದು, ಆಮೇಲೆ ಪಕ್ಕದೂರು ಸನಮಡಿಯ ದಾರಿಯುದ್ದಕ್ಕೂ ಒಂದೊಂದೇ. ಏನೋ ರೋಗ, ಎಲ್ಲ ಕಡೆಯೂ ಬಂದಿದೆ ಎಂದು ಜನ ಹೇಳಿದರು. ಇರಬಹುದು. ನನಗೆ ಮಾತ್ರ ನನ್ನವರು ಆ ಚಿನಾರ್ ಗಿಡಗಳನ್ನು ಕಾಶ್ಮೀರದಿಂದ ಇಲ್ಲಿಗೆ ಕರೆತರುತ್ತಿದ್ದಾರೆ ಅನಿಸಿತು. ಬರಬೇಡ ಎನ್ನುವುದಕ್ಕೋ, ಬಾ ಎನ್ನುವುದಕ್ಕೋ ತಿಳಿಯಲಿಲ್ಲ. ಗಾಳಿ ಇಲ್ಲದಾಗಲೂ ಎಲೆ ಬೀಳುವ ಸಪ್ಪಳ ಕೇಳುತ್ತಿತ್ತು.

ಒಂದು ಸಂಜೆ ಪಡಸಾಲೆಯಲ್ಲಿ ಮೈದುನ ಮೊಬೈಲಿನಲ್ಲಿ ದಾರಿ ನೋಡುತ್ತಿದ್ದ.

"ವೈನಿ, ಮೊದಲನೇ ಮುಕ್ಕಾಮು ಎಲ್ಲಿ ಮಾಡೂಣು? ಅಣ್ಣ ಏನಂತಿದ್ದ?"

"ಧುಳೆ ದಾಟಿ ಅಂತಿದ್ರು."

ನೆಗೆಣ್ಣಿ ಒಳಗಿನಿಂದ, "ಧುಳೆ ಮಟಾ ಇವರೇ ಗಾಡಿ ಓಡಿಸಿದ್ರ ನಾ ಸೊಲ್ಲಾಪುರದಾಗ ಇಳದು ಬಸ್ ಹಿಡೀತೀನಿ" ಅಂದಳು.

"ಇಳಿ, ಇಳಿ. ಗಾಡಿ ಹಗರ ಆಗ್ತೈತಿ."

ಅತ್ತೆಯೂ ನಕ್ಕರು. ನಗು ನಿಂತ ಮೇಲೆ, "ಮೂವರಾದ್ರಲ್ಲ. ಒಂದು ಕಲ್ಲು ತಗೋರಿ" ಅಂದರು. ಮೈದುನ ಮೊಬೈಲನ್ನು ಬೋರಲು ಹಾಕಿದ.

ಮರುದಿನ ಬೆಳಿಗ್ಗೆ ನಾನೇ ಹೊಲಕ್ಕೆ ಹೋದೆ. ಅಂಗಳದ ಕಲ್ಲು ನನಗೆ ಬೇಡವಾಗಿತ್ತು. ಸಮಾಧಿಯ ಸುತ್ತ ಇಟ್ಟ ಕಲ್ಲುಗಳಲ್ಲಿ ತೆಂಗಿನಕಾಯಿಯಷ್ಟು ದಪ್ಪನೆಯ ಒಂದನ್ನು ಎತ್ತಿಕೊಂಡೆ. ಬಿಸಿಲು ಇನ್ನೂ ಅಲ್ಲಿಗೆ ಬಂದಿರಲಿಲ್ಲ. ಕಲ್ಲು ಬೆಚ್ಚಗಿತ್ತು.

"ಸಣ್ಣದು ಸಿಗಲಿಲ್ಲೇನು ಅಕ್ಕಾ?" ನೆಗೆಣ್ಣಿ ಕೇಳಿದಳು.

"ಅವರು ಸಣ್ಣವರಿದ್ದಿಲ್ಲ" ಅಂದೆ.

ಹೊರಡುವ ಮುಂಚೆ ಟೈರು ಬದಲಿಸಲು ಜತ್ತಕ್ಕೆ ಹೋಗಬೇಕಿತ್ತು. ಮೂವರೂ ಹೊರಟೆವು. ಮೈದುನ ಓಡಿಸುತ್ತಿದ್ದ, ನಾವಿಬ್ಬರು ಹಿಂದೆ. ಅವನ ಪಕ್ಕದ ಸೀಟು ನನಗೆಂದು ಬಿಟ್ಟಿದ್ದರು. ನನಗೆ ಕೂರಲಾಗಲಿಲ್ಲ, ಕಲ್ಲನ್ನು ಅಲ್ಲಿಟ್ಟೆ. ಗಾಡಿ ಊರು ಬಿಡುತ್ತಲೇ ಟಿಣ್ ಟಿಣ್ ಎಂದು ಬಡಿದುಕೊಳ್ಳತೊಡಗಿತು.

"ಯಾರಿಗೆ ಬೆಲ್ಟ್ ಹಾಕ್ಕೋ ಅನ್ನಾಕತ್ತೇತಿ ಇದು?" ಮೈದುನ ತನ್ನ ಬೆಲ್ಟ್ ಎಳೆದು ನೋಡಿದ. ಅದು ಸರಿಯಾಗಿತ್ತು. ಅತ್ತ ಕೈ ಚಾಚಿ ಕಲ್ಲನ್ನು ಮುಟ್ಟಿದ, ಎತ್ತಲಿಲ್ಲ. ಕೈ ಹಿಂದೆ ತೆಗೆದುಕೊಂಡ.

ಎರಡೂ ಬದಿ ಕೆಂಪು ಬೇವು ಸರಿಯುತ್ತಿದ್ದವು. ಗಾಜಿನ ಮೇಲೆ ಎಲೆ ಬಂದು ಅಂಟಿ ಮತ್ತೆ ಹಾರಿ ಹೋಗುತ್ತಿತ್ತು. ಸಪ್ಪಳ ಜೋರಾಗುತ್ತ ಹೋಯಿತು.

"ರೀ, ನಿಲ್ಲಸ್ರಿ" ಅಂದಳು ನೆಗೆಣ್ಣಿ.

"ಎಲ್ಲಿ ನಿಲ್ಲಸಲಿ? ಇಲ್ಲಿ?"

ಅದು ನಮ್ಮ ಹೊಲದ ಬದು. ನಾನು ಹಿಂದಿನಿಂದ ಬಾಗಿ, ಬೆಲ್ಟನ್ನು ಕಲ್ಲಿನ ಮೇಲಿಂದ ಎಳೆದು ಸಿಕ್ಕಿಸಿದೆ. ಸಪ್ಪಳ ನಿಂತಿತು. ಜತ್ತ ಮುಟ್ಟಿದೆವು. ಅಂಗಡಿಯ ಹುಡುಗ ಸೀಟಿನ ಕೆಳಗೆ ಬಗ್ಗಿ, ತಂತಿ ಸಡಿಲಾಗಿದೆ, ಇಷ್ಟೇ ಎಂದು ಮರಾಠಿಯಲ್ಲಿ ಹೇಳಿ ಸರಿಮಾಡಿದ. ನಾನು ತಲೆಯಾಡಿಸಿದೆ. ಆದರೂ ಮರಳಿ ಬರುವಾಗ ಆ ಬೆಲ್ಟನ್ನು ಬಿಚ್ಚಲಿಲ್ಲ.

ದಾರಿಯುದ್ದಕ್ಕೂ ಆ ಕಲ್ಲಿನ ಬೆನ್ನು ನನಗೆ ಕಾಣುತ್ತಿತ್ತು. ಬಿಗಿದ ಪಟ್ಟಿಯೊಳಗೆ, ಅಲುಗಾಡದೆ. ಕಾಶ್ಮೀರದವರೆಗೂ ಹೀಗೆಯೇ ಅದರ ಹಿಂದೆ ಕೂತು ಹೋಗಬೇಕೇ ಎಂದು ಯೋಚಿಸಿದೆ. ಮಣ್ಣಿನಲ್ಲಿ ಕುಳಿತವರನ್ನು ಎಬ್ಬಿಸಿ ಕಟ್ಟಿಹಾಕಿದ್ದು ನಾನೇ ಅನಿಸಿತು.

ಹೊರಡುವ ದಿನ ಬೆಳಕು ಹರಿಯುತ್ತಲೇ ಕಲ್ಲನ್ನು ಸೆರಗಿನಲ್ಲಿಟ್ಟುಕೊಂಡು ಹೊಲಕ್ಕೆ ಹೋದೆ. ಕಲ್ಲು ಎತ್ತಿದ ಕುಳಿಯಲ್ಲಿ ಕೆಂಪು ಎಲೆ ತುಂಬಿತ್ತು, ಯಾರೋ ಅಂಗೈಯಿಂದ ಒತ್ತಿ ಸಮಮಾಡಿದ ಹಾಗೆ. ಕಲ್ಲನ್ನು ಅದರ ಮೇಲೆಯೇ ಇಟ್ಟೆ. ಎಲೆಗಳು ಮೆಲ್ಲಗೆ ಮುರಿದವು.

"ನೀವು ಇಲ್ಲೇ ಕುಂದ್ರಿ. ನಾ ನೋಡಿ ಬರ್ತೀನಿ" ಅಂದೆ. ಅವರು ಹೋದ ಮೇಲೆ ಅವರೊಡನೆ ಬಾಯಿಬಿಟ್ಟು ಆಡಿದ ಮೊದಲ ಮಾತು ಅದು.

ಅಂಗಳದಲ್ಲಿ ಗಾಡಿ ಸುರುವಾಗಿತ್ತು. ಅತ್ತೆ ಕೇಳಿದರು, "ಕಲ್ಲು ತಗೊಂಡೀಯೇನ?"

"ಅಲ್ಲೇ ಕುಂದ್ರಿಸಿ ಬಂದೀನ್ರಿ."

ಅತ್ತೆ ಸ್ವಲ್ಪ ಹೊತ್ತು ಹೊಲದ ಕಡೆಗೆ ನೋಡಿದರು. "ಹಂಗಾದ್ರ ಲಗೂನ ಹೋಗಿ ಬರ್ರಿ" ಅಂದರು.

ನಾನು ಮುಂದಿನ ಬಾಗಿಲು ತೆರೆದು ಆ ಸೀಟಿನಲ್ಲಿ ಕೂತೆ, ಬೆಲ್ಟ್ ಹಾಕಿಕೊಂಡೆ. ಗಾಡಿ ಟಿಣ್ ಅನ್ನಲಿಲ್ಲ. ಬೇವಿನ ಹತ್ತಿರ ಬಂದಾಗ ಮೈದುನ ಎಂದಿನಂತೆ ಹಾರ್ನ್ ಹೊಡೆದ. ಅಣ್ಣನಿಗೆ ಅದು ಅವನ ನಮಸ್ಕಾರ. ನಾನು ತಿರುಗಿ ಹಿಂದೆ ನೋಡಿದೆ.

ಇಡೀ ಸೀಟು ಖಾಲಿಯಿದ್ದರೂ ನೆಗೆಣ್ಣಿ ಬಾಗಿಲಿಗೆ ಒತ್ತಿಕೊಂಡು ಒಂದು ಮೂಲೆಗೆ ಕೂತಿದ್ದಳು, ಪಕ್ಕದಲ್ಲಿ ಒಬ್ಬರಿಗೆ ಜಾಗ ಬಿಟ್ಟು.