ಮಾವನ ಗಾಡಿಯ ಸಪ್ಪಳ

ಮೊನ್ನೆ ಮೊಮ್ಮಗ ತನ್ನ ಬೈಕು ಒರೆಸುತ್ತಿದ್ದಾಗ ಕೈಯಲ್ಲಿದ್ದ ಹಳೆಯ ಅರಿವೆ ಬಿಸಿ ಸೈಲೆನ್ಸರಿಗೆ ತಾಗಿ ಸುಟ್ಟಿತು. ನೂಲು ಕರಕಾದ ವಾಸನೆ, ಅದರ ಜೊತೆಗೆ ಎಣ್ಣೆಯದು. ಅಡುಗೆಮನೆಯಲ್ಲಿದ್ದ ನಾನು ಹೊರಗೆ ಬಂದು ನಿಂತೆ. ಏನಾಯಿತಜ್ಜಿ ಎಂದು ಹುಡುಗ ಕೇಳಿದ. ಬನಹಟ್ಟಿಯಿಂದ ಜಮಖಂಡಿಗೆ ಹೋಗುವ ಹಳೆಯ ಹಾದಿ ಕಣ್ಣ ಮುಂದೆ ಬಂದಿತ್ತು, ಅದರ ಬದಿಗೆ ಮೊಣಕಾಲೂರಿ ಕೂತ ನನ್ನ ಮಾವ…

ಮಾವ ಎಂದರೆ ನನ್ನ ಅಕ್ಕನ ಗಂಡ. ಬನಹಟ್ಟಿಯ ನೇಕಾರರ ಮನೆತನ. ಎದುರಿಗೆ ‘ರೀ’ ಹಚ್ಚಿ ಮಾತಾಡಿಸುತ್ತಿದ್ದೆ, ಬೆನ್ನ ಹಿಂದೆ ಮಾತ್ರ ಅವನು ಇವನು ಎಂದೇ. ಈಗಲೂ ಅದೇ ರೂಢಿ. ಉದ್ದ ಮೂಗು, ಕಡಿಮೆ ಮಾತು, ಮಗ್ಗಕ್ಕೆ ಕೂತರೆ ಊಟದ ನೆನಪಿರುತ್ತಿರಲಿಲ್ಲ. ಇಂಥವನು, ಎರಡನೇ ಮಹಾಯುದ್ಧ ಮುಗಿದು ಸಂಸ್ಥಾನಗಳು ಇನ್ನೂ ಉಳಿದಿದ್ದ ಆ ದಿನಗಳಲ್ಲಿ, ಮಿಲಿಟರಿಯವರು ಬಳಸಿ ಬಿಟ್ಟ ಮೋಟರ್‌ಸೈಕಲ್ಲೊಂದನ್ನು ಬೆಳಗಾವಿಯಿಂದ ತಂದು ಅಂಗಳದಲ್ಲಿ ನಿಲ್ಲಿಸಿದ. ಒಬ್ಬರು ಕಾಲು ಚಾಚಿ ಕೂರುವಂಥ ಸೈಡ್‌ಕಾರು ಬೇರೆ ಅದಕ್ಕೆ. ಸೀರೆ ನೇಯುವವನಿಗೆ ಇದೇಕೆ, ತಲೆ ಕೆಟ್ಟಿದೆ ಎಂದು ಓಣಿಯವರು ನಕ್ಕರು.

ಏಕೆಂದು ನಮ್ಮ ಮನೆಯವರಿಗೆ ಗೊತ್ತಿತ್ತು. ಅಕ್ಕನ ಮೊದಲ ಹೆರಿಗೆಯನ್ನು ರೂಢಿಯಂತೆ ತೇರದಾಳದ ನಮ್ಮ ತವರಿನಲ್ಲಿ ಇಟ್ಟುಕೊಂಡಿದ್ದೆವು. ಸೂಲಗಿತ್ತಿ ಕೈಚೆಲ್ಲಿದಾಗ ಬಂಡಿ ಕಟ್ಟಿ ಜಮಖಂಡಿಯ ದವಾಖಾನೆಗೆ ಹೊರಟೆವು. ಎತ್ತುಗಳು ಎಷ್ಟೆಂದು ಓಡಿಯಾವು? ಮುಟ್ಟುವಷ್ಟರಲ್ಲಿ ತಡವಾಗಿತ್ತು. ಗಂಡು ಕೂಸು. ಅದು ಅಳಲೇ ಇಲ್ಲ. ಬನಹಟ್ಟಿಯಲ್ಲಿದ್ದ ಮಾವನಿಗೆ ಸುದ್ದಿ ತಲುಪಿದ್ದು ಮಣ್ಣು ಮಾಡಿದ ಮೇಲೆ. ಬಂದವನು ಯಾರನ್ನೂ ಬೈಯಲಿಲ್ಲ. ಬಂಡಿಯ ಗಾಲಿ ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದ…

ಅಕ್ಕ ಎರಡನೇ ಸಲ ಬಸುರಾದಳು ಎಂದು ತಿಳಿದ ಮೇಲೆಯೇ ಆ ಗಾಡಿ ಮನೆಗೆ ಬಂದದ್ದು. ಈ ಸಲ ತವರಿಗೆ ಕಳಿಸುವುದಿಲ್ಲ ಎಂದ ಮಾವ. ಹೀಗಾಗಿ ಆರೈಕೆಗೆಂದು ನಾನೇ ಮುಧೋಳದ ಗಂಡನ ಮನೆಯಿಂದ ಬಂದು ಉಳಿದೆ.

ಗಾಡಿ ಮಾರಿದ ಮೇಸ್ತ್ರಿ ಅವನಿಗೆ ಒಂದು ಕೆಲಸ ಕಲಿಸಿ ಕಳಿಸಿದ್ದ. ಎಂಜಿನ್ನಿನ ಬದಿಗೆ ಒಂದು ಸಣ್ಣ ಮುಚ್ಚಳ. ಅದನ್ನು ಬಿಚ್ಚಿದರೆ ಒಳಗೆ ಎರಡು ವಾಲ್ವಿನ, ಅಂದರೆ ಎಂಜಿನ್ನಿನ ದಮ್ಮು ಹಿಡಿಯುವ ಬಾಗಿಲುಗಳ, ಕಡ್ಡಿಗಳು, ಅವನ್ನು ಕೆಳಗಿನಿಂದ ಎತ್ತುವ ಎರಡು ಗೂಟಗಳು. ಕಡ್ಡಿಗೂ ಗೂಟಕ್ಕೂ ನಡುವೆ ದಪ್ಪ ಕಾಗದದಷ್ಟು ಸಂದು ಇರಬೇಕು. ಎಂಜಿನ್ನು ತಣ್ಣಗಿರುವಾಗ ಆ ಸಂದಿಗೆ ಉಕ್ಕಿನ ತೆಳು ಎಸಳುಗಳ ಕಟ್ಟಿನಿಂದ ತಕ್ಕದ್ದೊಂದನ್ನು ತೂರಿಸಿ ಎಳೆಯುವುದು. ತುಸು ಹಿಡಿದು ಹಿಡಿದು ಬಂದರೆ ಸರಿ. ಇಲ್ಲದಿದ್ದರೆ ನಟ್ಟು ತಿರುವುವ ಪಾನಾ ಹಚ್ಚಿ ಹೊಂದಿಸುವುದು. ಮಾವ ಇದನ್ನು ಎದ್ದ ಕೂಡಲೇ, ಮುಖ ತೊಳೆಯುವ ಮೊದಲೇ ಮಾಡುತ್ತಿದ್ದ. ಅಕ್ಕನಿಗೆ ರೇಗುತ್ತಿತ್ತು.

“ನನ್ನ ಕಾಲ ಬಾತಾವು, ಕೇಳಾವ್ರಿಲ್ಲ. ಆ ಗಾಡಿದು ಮಾತ್ರ ದಿನಾ ಮುಚ್ಚಳ ತಗದು ನೋಡ್ತಾರ,” ಎನ್ನುತ್ತಿದ್ದಳು.

ಆ ಸಂದಿನ ದೆಸೆಯಿಂದ ಗಾಡಿ ಸದಾ ಟಿಕ್ ಟಿಕ್ ಎನ್ನುತ್ತಿತ್ತು. ನೇಕಾರರ ಓಣಿಯಲ್ಲಿ ಇದನ್ನು ಕೇಳಿಸಿಕೊಂಡು ಸುಮ್ಮನಿರುವವರು ಯಾರು? ಅಲ್ಲಿ ಲಾಳಿಯ ಸಪ್ಪಳ ತುಸು ಬೇರೆಯಾದರೂ ಪಕ್ಕದ ಮನೆಯವರು ಎದ್ದು ಬಂದು ಹೇಳುತ್ತಾರೆ. ಮಗ್ಗ ಎಲ್ಲಾದರೂ ಟಿಕ್ ಎಂದಿತೋ, ಅಲ್ಲೊಂದು ಬೆಣೆ ಬಡಿದು ಬಿಗಿ ಮಾಡುವುದು ಅವರ ಕೈಗೆ ಅಂಟಿದ ರೂಢಿ. ಮಾವನ ಅಪ್ಪ ಓಣಿಗೇ ಹಿರಿಯ ನೇಕಾರರು. ಒಂದು ದಿನ ಗಾಡಿಗೆ ಕಿವಿಗೊಟ್ಟು ನಿಂತರು.

“ಎಲ್ಲೋ ಸಡ್ಲ ಆಗೇತಿ ಇದು. ಮಗ್ಗ ಹಿಂಗಂದ್ರ ಬಿಡ್ತಿದ್ದೇನು ನೀ? ಬಿಗಿ ಮಾಡು.”

“ಅಷ್ಟ ಸಂದ ಇರಬೇಕಂತಪ್ಪಾ, ಮೇಸ್ತ್ರಿ ಹೇಳ್ಯಾನ,” ಎಂದ ಮಾವ.

“ಮಾರಾಂವ ಹಂಗ ಹೇಳಾಂವ ಬಿಡು. ತುಂಬಿದ ಬಸುರಿ ಕುಂದ್ರಾಕಿ ಅದರಾಗ. ಸಡ್ಲ ಗಾಡ್ಯಾಗ ಕುಂದ್ರಸ್ತಿ?”

ಆ ಕೊನೆಯ ಮಾತು ಮಾವನಿಗೆ ನಾಟಿತು. ಅವನೂ ನೇಕಾರನೇ ಅಲ್ಲವೇ, ಆ ಸಪ್ಪಳ ಅವನ ಕಿವಿಯನ್ನೂ ಕೊರೆಯುತ್ತಿದ್ದಿರಬೇಕು. ಎಸಳನ್ನು ಪಕ್ಕಕ್ಕಿಟ್ಟು, ಕಿವಿಯನ್ನೇ ನಂಬಿ, ಟಿಕ್ ಟಿಕ್ ಅಡಗುವವರೆಗೂ ಬಿಗಿ ಮಾಡಿದ. ಓಣಿಯಲ್ಲಿ ಒಂದು ಸುತ್ತು ಹಾಕಿದ. ಗಾಡಿ ಆ ಸದ್ದಿಲ್ಲದೆ ಚೆನ್ನಾಗಿಯೇ ಓಡಿತು. ಎಲ್ಲರೂ ಭೇಷ್ ಎಂದರು. ನಾನೂ ಎಂದೆ.

ಅಂದಿನಿಂದ ಮಾವ ಬೆಳಗಿನ ಎಸಳಿನ ಕೆಲಸವನ್ನೂ ಬಿಟ್ಟ. ಬೇಸಿಗೆಯ ಒಂದು ಬೆಳಿಗ್ಗೆ ಅಕ್ಕನಿಗೆ ಹೆರಿಗೆಯ ಬ್ಯಾನೆ ಶುರುವಾಯಿತು. ನೋಡಿದ ಸೂಲಗಿತ್ತಿ ದವಾಖಾನೆಗೇ ಒಯ್ಯಿರಿ ಎಂದಳು. ಸೈಡ್‌ಕಾರಿನಲ್ಲಿ ಕೌದಿ ಹಾಸಿ ಅಕ್ಕನನ್ನು ಕೂರಿಸಿದೆವು. ಜೊತೆಗೆ ಹೆಂಗಸೊಬ್ಬಳು ಬೇಕಲ್ಲ, ಮಾವನ ಹಿಂದೆ ನಾನು ಏರಿದೆ. ಹೆಂಗಸು ಹಾಗೆ ಗಾಡಿ ಏರಿದ್ದನ್ನು ಆ ಓಣಿ ಅದುವರೆಗೆ ಕಂಡಿರಲಿಲ್ಲ. ಕಣ್ತುಂಬ ನೋಡಿಕೊಳ್ಳಲಿ ಎಂದು ಸೆರಗು ಸಿಕ್ಕಿಸಿಕೊಂಡು ಕೂತೆ.

ಊರು ದಾಟಿ ಬಹಳ ದೂರದವರೆಗೆ ಏನೂ ತೊಂದರೆಯಿರಲಿಲ್ಲ. ಆಮೇಲೆ ಒಂದು ಏರು ಬಂತು. ಗಾಡಿಯ ಕಸುವು ಇಳಿಯುತ್ತಾ ಹೋಯಿತು, ಹೊಗೆಯ ಕೊಳವೆಯಲ್ಲಿ ಫಟ್ ಫಟ್ ಎಂದು ಸಿಡಿದು ನಿಂತೇಬಿಟ್ಟಿತು. ಮಾವ ಕಿಕ್ ಹೊಡೆದರೆ ಕಾಲಿಗೆ ತಡೆಯೇ ಇಲ್ಲ. ಸುತ್ತ ಕರಿ ನೆಲ, ಕೊಯ್ದ ಜೋಳದ ಕೂಳೆ. ಒಂದು ಬಂಡಿಯೂ ಕಾಣಲಿಲ್ಲ. ಅಕ್ಕ ಸೈಡ್‌ಕಾರಿನ ಅಂಚು ಹಿಡಿದು ಹಲ್ಲು ಕಚ್ಚಿದ್ದಳು. ನನಗೆ ತೇರದಾಳದ ಬಂಡಿಯೇ ಕಣ್ಣಿಗೆ ಕಟ್ಟಿತು.

ಮಾವ ಮುಚ್ಚಳ ಬಿಚ್ಚಿ ಎಸಳು ತೂರಿಸಲು ನೋಡಿದ. ಎಲ್ಲಕ್ಕಿಂತ ತೆಳುವಾದದ್ದೂ ಹೋಗಲಿಲ್ಲ. ಅವನಿಗೆ ಆಗ ತಿಳಿಯಿತು, ನನಗೆ ಅವನು ಆಮೇಲೆ ಬಿಡಿಸಿ ಹೇಳಿದ: ಕಾದ ಕಬ್ಬಿಣ ಬೆಳೆಯುತ್ತದೆ, ಅದು ಬೆಳೆಯಲೆಂದೇ ಬಿಟ್ಟ ಜಾಗ ಆ ಸಂದು. ಜಾಗ ಇಲ್ಲದ್ದರಿಂದ ವಾಲ್ವು ಕಾದು ಉದ್ದವಾಗಿ, ಪೂರಾ ಮುಚ್ಚಿಕೊಳ್ಳದೆ, ಎಂಜಿನ್ನಿನ ದಮ್ಮೆಲ್ಲ ಸೋರಿಹೋಗಿತ್ತು. ಓಣಿಯೊಳಗೆ ಒಂದು ಸುತ್ತು ಹಾಕಿದಾಗ ಅದು ಅಷ್ಟು ಕಾದಿರಲಿಲ್ಲ.

“ನಾನೇ ಮಾಡಿದ್ನಲ್ಲ… ನನ್ನ ಕೈಯಾರ ನಾನೇ,” ಎಂದ.

ನನಗೆ ಸಿಟ್ಟು ನೆತ್ತಿಗೇರಿತು. “ಅದನ್ನ ಆಮ್ಯಾಲೆ ನೋಡೂಣಂತ್ರಿ ಮಾವ. ಮೊದ್ಲ ಸಡ್ಲ ಮಾಡ್ರಿ!” ಎಂದು ಕೂಗಿದೆ.

ಆದರೆ ಒಳಗೆ ಕೈ ತೂರಿಸಿ ಪಾನಾ ಹಿಡಿಯಲಾಗದಷ್ಟು ಎಂಜಿನ್ನು ಕಾದಿತ್ತು. ಮೊದಲನೆಯದನ್ನು ಕಳೆದುಕೊಂಡಿದ್ದ ಅಕ್ಕ ಈ ಕೂಸಿಗೆಂದು ಅಂಜಿಕೆಯಿಂದ ಏನನ್ನೂ ಎತ್ತಿಟ್ಟಿರಲಿಲ್ಲ. ಹಳೆಯ ಸೀರೆಯ ಮೆತ್ತನೆಯ ತುಂಡೊಂದನ್ನು ಮಾತ್ರ ಮಡಿಸಿ ಮಡಿಲಲ್ಲಿ ಇಟ್ಟುಕೊಂಡಿದ್ದಳು. ಅದನ್ನೇ ಚಾಚಿದಳು.

“ತಗೋರಿ ಇದನ್ನ. ಕೂಸಿಗೆ ಮತ್ತೊಂದು ಸಿಗತೈತಿ,” ಎಂದಳು.

ಮಾವ ಅದನ್ನು ಕೈಗೆ ಸುತ್ತಿಕೊಂಡು ಪಾನಾ ಹಾಕಿದ. ಬಟ್ಟೆ ಸುಟ್ಟಿತು, ಬೆರಳೂ ಸುಟ್ಟವು, ಕೈ ತೆಗೆಯಲಿಲ್ಲ. ಎಸಳು ಹಾಯುವಷ್ಟು ಜಾಗ ಮಾಡಿಕೊಟ್ಟು ಎದ್ದು ಕಿಕ್ ಹೊಡೆದ. ಮತ್ತೊಮ್ಮೆ ಹೊಡೆದ. ಟಿಕ್ ಟಿಕ್ ಟಿಕ್… ಆ ಸಪ್ಪಳ ಕೇಳಿ ಅಕ್ಕ ಆ ನೋವಿನಲ್ಲೂ ನಕ್ಕಳು. ಅದನ್ನು ಕೇಳುತ್ತಲೇ ಜಮಖಂಡಿ ಮುಟ್ಟಿದೆವು.

ಇಳಿಹೊತ್ತಿಗೆ ಹೆಣ್ಣು ಕೂಸು ಹುಟ್ಟಿತು. ಅಕ್ಕ ಹುಷಾರಿದ್ದಳು. ಹೇಳಲು ಹೊರಗೆ ಓಡಿದೆ. ಮಾವ ಗಂಡೋ ಹೆಣ್ಣೋ ಎಂದು ಕೇಳಲಿಲ್ಲ.

“ಅಳಾಕತ್ತೇತೇನು?” ಎಂದ.

“ಅಳಾಕತ್ತೇತ್ರಿ, ದವಾಖಾನಿ ಹಾರಿ ಹೋಗೂ ಹಂಗ!”

ಬಂದು ಬಾಗಿಲ ಆಚೆಗೆ ನಿಂತ. ಒಳಗೆ ನರ್ಸು ಕೂಸನ್ನು ಸಂತೈಸುತ್ತಿದ್ದಳು. “ಸುಮ್ಮನ ಮಾಡಬ್ಯಾಡ್ರಿ ಬಾಯಾರ, ಇನ್ನೊಂದೀಟ ಅಳ್ಲಿ,” ಎಂದು ಮಾವ ಹೊರಗಿನಿಂದಲೇ ಕೂಗಿದ. ಆಮೇಲೆ ಆ ಸುಟ್ಟ ಕೈಯಲ್ಲಿ ಮುಖ ಮುಚ್ಚಿಕೊಂಡು ತಾನೂ ಅತ್ತ.

ಆ ಗಾಡಿ ಮುಂದೆ ಓಣಿಯ ಎಷ್ಟೋ ಬಸುರಿಯರನ್ನು ದವಾಖಾನೆಗೆ ಹೊತ್ತೊಯ್ದಿತು. ಸಪ್ಪಳದ ಬಗ್ಗೆ ಯಾರೂ ತುಟಿ ಬಿಚ್ಚಲಿಲ್ಲ. ಮಾವನ ಅಪ್ಪ ಮಾತ್ರ ಅದು ಸಡ್ಲವೇ ಎಂದು ಕೊನೆಯವರೆಗೂ ಹಟ ಹಿಡಿದಿದ್ದರು. ಸಂಸ್ಥಾನಗಳು ಹೋದವು, ಬಸ್ಸುಗಳು ಬಂದವು, ಗಾಡಿ ಗುಜರಿಗೆ ಹೋಯಿತು. ಮಾವನೂ ಹೋದ, ಅವನ ಹಿಂದೆಯೇ ಅಕ್ಕ…

ಮಾವ ಇರುವವರೆಗೂ ನಮ್ಮಿಬ್ಬರದು ಒಂದೇ ಜಗಳ. ಹಬ್ಬಕ್ಕೆ ಎಲ್ಲರೂ ಸೇರಿದಾಗ ನಾನು ಈ ಕತೆ ತೆಗೆಯುವುದು, “ಸುಳ್ಳ ಹೇಳ್ತಾಳ ಇಕಿ, ನಾ ಎಲ್ಲಿ ಅತ್ತಿದ್ನಿ?” ಎಂದು ಅವನು ಮಗಳ ಮುಂದೆ ಗುಲ್ಲು ಮಾಡುವುದು. ಅವನು ಬಿಡುತ್ತಿರಲಿಲ್ಲ, ನಾನೂ ಬಿಡುತ್ತಿರಲಿಲ್ಲ, ಅಕ್ಕ ಯಾರ ಪರವೂ ಆಡದೆ ಹೋಳಿಗೆ ಬಡಿಸುತ್ತಿದ್ದಳು.

ಮೊನ್ನೆ ಮೊಮ್ಮಗನಿಗೆ ಎಲ್ಲವನ್ನೂ ಹೇಳಿದೆ. ಮಾವ ಅತ್ತದ್ದನ್ನೂ ಹೇಳಿ, ರೂಢಿಯಂತೆ ಅವನ ಜಗಳಕ್ಕೆ ಕಾದು ಕೂತೆ. ಹುಡುಗ ಒಂದೇ ಮಾತಿಗೆ ನಂಬಿಬಿಟ್ಟ. ಸುಳ್ಳು ಎನ್ನಲು ಮಾವ ಇರಲಿಲ್ಲ.